ಸೊಟ್ಟ ಹೊಲಿಗೆಯ ಕೌದಿ

ಕುಷ್ಟಗಿ
೧೪ ಆಗಸ್ಟ್ ೨೦೨೩

ಆಪಾ, ಸಲಾಂ.

ಬೆಂಗಳೂರಿನಿಂದ ಬಂದು ಎರಡು ದಿನವಾಯಿತು. ಫೋನ್ ಮಾಡಲಿಲ್ಲವೆಂದು ಮುಖ ಊದಿಸಿಕೊಳ್ಳಬೇಡ. ಈ ಮನೆಯಲ್ಲಿ ನಾನು ಹಲೋ ಅನ್ನುವ ಮೊದಲೇ ಅತ್ತೆ ಸ್ಪೀಕರ್ ಒತ್ತಿರುತ್ತಾರೆ. ಅಮ್ಮಿಯನ್ನು ತೆಗೆದುಕೊಂಡು ಹೋದ ಜಡ್ಡು ರಕ್ತದಲ್ಲಿ ಇಳಿದು ಬರುವಂಥದ್ದೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಖಲಂದರ ಎಂಥ ಗಂಡ ನೋಡು, ಹೆಂಡತಿ ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗುವುದು ತಲೆನೋವಿನ ತಪಾಸಣೆಗೆ ಎಂದು ನಂಬಿಕೊಂಡು ದಾಳಿಂಬೆ ವ್ಯಾಪಾರ ನೋಡಿಕೊಂಡಿದ್ದಾರೆ. ಹಾಗಾಗಿ ಕಾಗದ. ಗಂಗಾವತಿ ಬಸ್ಸಿನ ಕಂಡಕ್ಟರ್ ಮದಾರಸಾಬನ ಕೈಯಲ್ಲಿ ಈ ಗಂಟಿನ ಜೊತೆ ಕಳಿಸುತ್ತಿದ್ದೇನೆ.

ನಾವಿಬ್ಬರೂ ಹೆಸರು ಕೊಟ್ಟಿರುವ ಆ ಅಧ್ಯಯನಕ್ಕೆ ಈ ಸಲವೂ ಅದೇ ಸ್ಕ್ಯಾನಿಂಗ್ ಸುರಂಗ, ಅದೇ ಗದ್ದಲ. ಮೈಮೇಲೆ ಲೋಹ ಏನಾದರೂ ಇದೆಯೇ ಎಂದು ಕೇಳಿದರು, ಇಲ್ಲವೆಂದೆ. ಆಮೇಲೆ ನರ್ಸಮ್ಮ ನನ್ನ ಸೆರಗಿನಿಂದ ಕೌದಿ ಹೊಲಿಯುವ ಸೂಜಿ ಕಿತ್ತು ತೆಗೆದು ಚೆನ್ನಾಗಿ ಬೈದಳು. ಡಾಕ್ಟರ್ ರೇಣುಕಾ ನಕ್ಕರು. ಅವರು ನಮ್ಮ ಯಲಬುರ್ಗಾ ಕಡೆಯವರಂತೆ. ನನ್ನ ಮಿದುಳಿನ ಹೋದ ವರ್ಷದ ಚಿತ್ರವನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕ ಇಟ್ಟು ಏನು ಹುಡುಕುತ್ತೀರಿ ಎಂದು ಧೈರ್ಯ ಮಾಡಿ ಕೇಳಿದೆ. "ಒಂದಾ ಚಿತ್ರದಾಗ ಏನೂ ತಿಳಿಯಂಗಿಲ್ರಿ," ಅಂದರು. "ವರ್ಷಾ ವರ್ಷಾ ತಗದು ಬಾಜೂಕ ಬಾಜೂಕ ಇಟ್ರ, ನಡುವಿನ ಒಂದು ಭಾಗ ಸಣ್ಣದಾಗಾಕತ್ತೈತೇನು ಅಂತ ಕಾಣ್ತೈತಿ. ಕೈಕಾಲು ಅಲುಗಾಡೋದಕ್ಕ ಎಷ್ಟೋ ವರ್ಷ ಮೊದಲಾ ಅದು ಶುರು ಆಗಿರ್ತೈತ್ರಿ." ನನ್ನದರಲ್ಲಿ ಏನು ಕಂಡಿತೆಂದು ಹೇಳಲಿಲ್ಲ. ಅಧ್ಯಯನದ ಚಿತ್ರ ನೋಡಿ ಯಾರಿಗೂ ಏನೂ ಹೇಳುವುದಿಲ್ಲವಂತೆ. ಅಮ್ಮಿಯ ಆ ಹಂಟಿಂಗ್ಟನ್ ಜಡ್ಡು ಇದೆಯೋ ಇಲ್ಲವೋ ಎಂದು ತಿಳಿಯಲು ರಕ್ತಪರೀಕ್ಷೆ ಬೇರೆ ಇದೆ, ಅದೂ ನಾವಾಗಿ ಕೇಳಿದರೆ ಮಾತ್ರ.

ನಾನೇಕೆ ಕೇಳಲಿ? ಅಬ್ಬಾನ ಅಕ್ಕ ಫಾತಿಮಾಬೀ ಫುಪ್ಪು ನಮ್ಮಿಬ್ಬರನ್ನು ಎಂದೋ ವಿಂಗಡಿಸಿ ಇಟ್ಟಿದ್ದಾರಲ್ಲ. "ಯಾರ ಮಾರಿ ಸೈದಾನಬಿ ಮಾರಿ ಹಂಗ ಐತೋ, ಆ ಜಡ್ಡು ಅಕಿಗೇ." ಅಜ್ಜಿಯ ಮುಖ ನಮ್ಮ ಅಮ್ಮಿ ಸೈದಾನಬಿಗೆ ಬಂತು, ಅಮ್ಮಿಯ ಮುಖ ನಿನಗೆ. ನನಗೆ ಅಬ್ಬಾನ ಮೂಗು, ಅಬ್ಬಾನ ಚಪ್ಪಟೆ ಬೆರಳು. ನನ್ನನ್ನು ಆ ಡಾಕ್ಟರು ನಿನ್ನ ಜೊತೆ ಹೋಲಿಸಲು ಇಟ್ಟುಕೊಂಡಿದ್ದಾರೆ ಅಷ್ಟೇ.

ಹೇಳಬಾರದ್ದನ್ನು ಹೇಳುತ್ತೇನೆ. ಅದಕ್ಕೂ ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ನರ್ಸಮ್ಮ ನನ್ನ ಬೆರಳು ತಟ್ಟಿಸಿ ಪರೀಕ್ಷೆ ಮಾಡುವಾಗಲೂ "ನಿಮ್ಮ ಅಕ್ಕಾರು ಭಾಳ ಸಮಾಧಾನದೋರು ನೋಡ್ರಿ" ಅನ್ನುತ್ತಾಳೆ. ತವರೂರು ಕುಕನೂರಿನಲ್ಲಿ ಜನ ನಿನ್ನನ್ನು ಕಂಡು ಸೈದಾನಬಿ ಎದ್ದು ಬಂದಳು ಅನ್ನುತ್ತಾರೆ. ಅಮ್ಮಿ ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯಲು ಕೂತರೆ ನೀನು ಎದುರು ತುದಿಯಿಂದ ಹೊಲಿಯುತ್ತಿದ್ದೆ, ನಾನು ಇಬ್ಬರಿಗೂ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. "ನಿನ್ನ ಕೈ ಉಮರಸಾಬನ ಕೈ, ಸೂಜಿಗೆ ಬಗ್ಗಂಗಿಲ್ಲ" ಎಂದು ಅಮ್ಮಿ ಅಂದದ್ದು ಇನ್ನೂ ಕಿವಿಯಲ್ಲಿದೆ.

ಅಮ್ಮಿಯ ಏಳು ಕೌದಿ ನಿನ್ನ ಟ್ರಂಕಿನಲ್ಲಿವೆ. ಎಲ್ಲಾ ನೆಟ್ಟಗಿನ ಹೊಲಿಗೆಯವು. ನನಗೆ ಬಂದದ್ದು ಒಂದೇ, ನನ್ನ ಹೊಟ್ಟೆಯಲ್ಲಿ ಅಫ್ಸಾನಾ ಹುಟ್ಟಿದಾಗ ಕೊಟ್ಟ ಆ ಸೊಟ್ಟ ಹೊಲಿಗೆಯದು. ಮುಂದಿನ ವರ್ಷ ಅವಳು ಕೊಪ್ಪಳದ ಹಾಸ್ಟೆಲಿಗೆ ಹೋಗುತ್ತಾಳೆ. ಅವಳಿಗಾದರೂ ಒಂದು ಒಳ್ಳೆಯದು ಕೊಡು. ಈ ಗಂಟಿನಲ್ಲಿರುವುದು ನಾನು ಹೊಲಿದ ಕೌದಿ. ಹಾಸಿ ನೋಡು, ಉಮರಸಾಬನ ಕೈ ಬಗ್ಗಿದೆಯೋ ಇಲ್ಲವೋ ಹೇಳು.

ಅಬ್ಬಾನ ಮೂಗಿನವಳು, ಉಮರಸಾಬನ ಮಗಳು,
ಮೆಹಜಬೀನ


ಆನೆಗೊಂದಿ
೨ ಸೆಪ್ಟೆಂಬರ್ ೨೦೨೩

ಮೆಹಜು,

ಕೌದಿ ಹಾಸಿ ನೋಡಿದೆ. ನೆಲದ ಮೇಲೆ ಮೊಣಕಾಲೂರಿ ಕೂತು ಅಂಚಿನಿಂದ ನಡುವಿನವರೆಗೆ ಒಂದೊಂದು ಸಾಲನ್ನೂ ಬೆರಳಿನಿಂದ ಹಿಡಿದು ಹೋದೆ. ಜೋಳದ ಕಾಳು ಸಾಲಾಗಿ ಇಟ್ಟ ಹಾಗಿದೆ. ನಿನ್ನನ್ನು ಹೊಗಳಿದರೆ ನೀನು ಅಟ್ಟ ಹತ್ತುತ್ತೀ, ಆದರೂ ಹೇಳುತ್ತೇನೆ, ನನ್ನ ಹೊಲಿಗೆಗಿಂತ ಚೆನ್ನಾಗಿದೆ. ಕೊನೆಯ ಮೂಲೆ ಮುಚ್ಚುವ ಮೊದಲು ರೊಟ್ಟಿಯ ಚೂರು ಇಟ್ಟಿದ್ದೀಯ ತಾನೇ? ಅಮ್ಮಿ ಅದನ್ನು ಒಮ್ಮೆಯೂ ಮರೆತವಳಲ್ಲ, ಕೌದಿ ಹಸಿದಿರಬಾರದೆಂದು.

ಟ್ರಂಕಿನಲ್ಲಿರುವುದನ್ನು ಕೊಡಲಾರೆ. ಕಾರಣ ಕೇಳಬೇಡ. ನೀನು ಬೈದುಕೋ, ಅದು ನನಗೆ ರೂಢಿಯಾಗಿದೆ. ಅಫ್ಸಾನಾಗೆ ಆ ಸೊಟ್ಟ ಹೊಲಿಗೆಯ ಕೌದಿಯನ್ನೇ ಹಾಸ್ಟೆಲಿಗೆ ಕೊಟ್ಟು ಕಳಿಸು.

ನನ್ನ ಸಮಾಧಾನದ ಮೇಲೆ ನಿನಗೆ ಹೊಟ್ಟೆಕಿಚ್ಚಾದರೆ ನಗು ಬರುತ್ತದೆ. ಫುಪ್ಪು ಆ ಮಾತು ಹೇಳಿದಾಗ ನನಗೆ ಇಪ್ಪತ್ತೈದು. ಅದೇ ವರ್ಷ ಗಂಗಾವತಿಯ ಶಾನವಾಜನ ಮನೆಯವರು ಹೆಣ್ಣು ಕೇಳಿಕೊಂಡು ಬಂದರು, ನಾನು ಕನ್ನಡಿ ನೋಡಿಕೊಂಡು ಬೇಡವೆಂದೆ. ಅಂದಿನಿಂದ ಚಹಾದ ಬಟ್ಟಲು ಎತ್ತುವಾಗಲೆಲ್ಲ ಕೈ ನಡುಗಿತೇ ಎಂದು ನೋಡಿಕೊಳ್ಳುವುದೇ ನನ್ನ ಬಾಳು. ಸಮಾಧಾನ ಅಂದರೆ ಅದು, ಮೆಹಜು.

ಇಲ್ಲಿ ಬಾಳೆನಾರಿನ ಕೆಲಸ ಚೆನ್ನಾಗಿ ನಡೆದಿದೆ. ನಾನು ಹೆಣೆದ ಒಂದು ಚೀಲ ಅಫ್ಸಾನಾಗೆ ಕಳಿಸಿದ್ದೇನೆ. ಮುದಿಯಪ್ಪನ ತೋಟದ ಬಾಳೆಹಣ್ಣೂ ಇವೆ, ಮದಾರಸಾಬ ದಾರಿಯಲ್ಲಿ ಎರಡು ತಿಂದರೆ ಸುಮ್ಮನಿರು.

ನಿನ್ನ ಬೈಗುಳಕ್ಕೆ ಕಾದಿರುವ
ಶಹನಾಜಬೇಗಂ


ಕುಷ್ಟಗಿ
೨೦ ಜನವರಿ ೨೦೨೪

ಆಪಾ,

ನಾಲ್ಕು ತಿಂಗಳು ಬೇಕೆಂದೇ ಬರೆಯಲಿಲ್ಲ. ಒಂದು ಕೌದಿ ಕೊಡಲಾರದವಳಿಗೆ ನಾಲ್ಕು ಸಾಲು ಏಕೆ ಬರೆಯಬೇಕು?

ಈಗ ಬರೆಯುವುದೂ ಕೋಪದಿಂದಲೇ. ಕುಕನೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆವು. ಅಫ್ಸಾನಾ ಹಸಿರು ದಾವಣಿ ಉಟ್ಟು ಒಳಗೆ ಬಂದಳು. ಫುಪ್ಪು ಅವಳ ಗಲ್ಲ ಹಿಡಿದು, "ಯವ್ವಾ, ಇದು ಶಹನಾಜನ ಮಾರಿ. ಸೈದಾನಬಿ ಮಾರಿ!" ಅಂದರು. ಒಂಬತ್ತು ತಿಂಗಳು ಹೊತ್ತವಳು ನಾನು. ಹದಿನೇಳು ವರ್ಷ ಸಾಕಿದವಳು ನಾನು. ಅವಳ ಮುಖ ಮಾತ್ರ ನಿನ್ನದು. ಎಷ್ಟು ಉರಿಯಿತೆಂದರೆ ಬಿರಿಯಾನಿ ತಟ್ಟೆಯನ್ನೇ ಕೈಬಿಟ್ಟೆ, ಹೊಸ ಸೀರೆ ಹಾಳಾಯಿತು.

ಮನೆಗೆ ಬಂದ ಮೇಲೆ ಉರಿ ಆರಿ ಹೆದರಿಕೆ ಹತ್ತಿತು. ಫುಪ್ಪುವಿನ ಮಾತು ನಿಜವಾದರೆ ಈ ಮುಖದ ಜೊತೆ ಅದೂ ನನ್ನ ಮಗಳಿಗೆ ಬಂದಿದೆಯೇ? ಡಾಕ್ಟರ್ ರೇಣುಕಾರಿಗೆ ಫೋನ್ ಹಚ್ಚಿದೆ, ಅತ್ತೆ ನಮಾಜಿಗೆ ಕೂತಿದ್ದರು. "ಮುಖಕ್ಕೂ ಇದಕ್ಕೂ ಸಂಬಂಧ ಇಲ್ರಿ," ಅಂದರು. "ನಿಮ್ಮಲ್ಲಿ ಇಲ್ಲಂದ್ರ ನಿಮ್ಮ ಮಗಳಿಗೆ ಬರಾಕ ದಾರೀನಾ ಇಲ್ಲ. ನಿಮ್ಮಲ್ಲಿ ಇದ್ರ ಅಕಿಗೆ ಅರ್ಧಕ್ಕ ಅರ್ಧ." ಮುಖಕ್ಕೆ ಸಂಬಂಧವಿಲ್ಲ ಎನ್ನುವುದು ನನ್ನ ತಲೆಗೆ ಇಳಿಯಲಿಲ್ಲ, ಸುಳ್ಳು ಹೇಳುವುದಿಲ್ಲ. ನನ್ನಲ್ಲಿ ಇಲ್ಲವೆಂದರೆ ಅವಳಿಗೆ ಬರುವುದಿಲ್ಲ ಎನ್ನುವುದು ಮಾತ್ರ ಇಳಿಯಿತು. ನನ್ನಲ್ಲಿ ಇಲ್ಲವಲ್ಲ! ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ನಿನ್ನ ಮೇಲೆ ಸಿಟ್ಟು ಇನ್ನೂ ಇರುವ
ಮೆಹಜಬೀನ


ಕುಷ್ಟಗಿ
೨೨ ಆಗಸ್ಟ್ ೨೦೨೪

ಆಪಾ, ಸಲಾಂ.

ಮೂರನೇ ಚಿತ್ರವೂ ಆಯಿತು. ಅಫ್ಸಾನಾ ಕೊಪ್ಪಳಕ್ಕೆ ಹೋದಳು, ಆ ಸೊಟ್ಟ ಕೌದಿ ಹೊತ್ತುಕೊಂಡೇ ಹೋದಳು. "ಇದಾ ಬೇಕು ನನಗ" ಅಂದಳು. ನಿನ್ನ ಮುಖವಷ್ಟೇ ಅಲ್ಲ, ನಿನ್ನ ಹಟವೂ ಬಂದಿದೆ.

ಈ ಸಲ ಡಾಕ್ಟರ್ ರೇಣುಕಾ ನನ್ನ ಜೊತೆ ಭಾಳ ಹೊತ್ತು ಮಾತಾಡಿದರು. ಮನೆಯಲ್ಲಿ ಸಿಟ್ಟು ಬರುತ್ತದೆಯೇ, ಪಾತ್ರೆ ಕೈ ಜಾರುತ್ತವೆಯೇ ಎಂದೆಲ್ಲ ಕೇಳಿದರು. ಯಾರ ಮನೆಯಲ್ಲಿ ಜಾರುವುದಿಲ್ಲ? ನಿನಗಿಂತ ಹೆಚ್ಚು ಹೊತ್ತು ನನ್ನ ಜೊತೆ ಕೂತರೆಂದು ಒಳಗೊಳಗೇ ಹಿಗ್ಗಿದೆ.

ರಕ್ತಪರೀಕ್ಷೆ ಮಾಡಿಸಿ ಫಲಿತಾಂಶ ಕೇಳಿಬಿಡುತ್ತೇನೆ ಎಂದು ನಿರ್ಧಾರ ಮಾಡಿದ್ದೇನೆ. ನನ್ನಲ್ಲಿ ಇಲ್ಲವೆಂದು ಅವರ ಬಾಯಿಂದಲೇ ಕೇಳಿದರೆ ಅಫ್ಸಾನಾಳ ಚಿಂತೆ ಮುಗಿಯಿತು. ಫುಪ್ಪು ಎಷ್ಟು ಬೇಕಾದರೂ ಅವಳ ಗಲ್ಲ ಹಿಡಿಯಲಿ. ನಿನಗೆ ನೋವಾಗುತ್ತದೆಂದು ಗೊತ್ತು. ನಾನು ಪಾರಾದೆ, ನೀನು ಸಿಕ್ಕಿಬಿದ್ದೆ ಎಂದು ನಿನಗೆ ಅನ್ನಿಸುತ್ತದೆ. ಆದರೆ ನನ್ನ ಮಗಳಿಗಾಗಿ ಇದು.

ಎರಡನೇ ಕೌದಿ ಕಳಿಸಿದ್ದೇನೆ. ಮೊದಲನೆಯದಕ್ಕಿಂತ ಚೆನ್ನಾಗಿದೆ ಎಂದು ಹೇಳುವುದು ನಿನ್ನ ಕರ್ತವ್ಯ.

ನಿನ್ನ ಹೊಗಳಿಕೆ ಕಾಯುತ್ತಿರುವ ತಂಗಿ,
ಮೆಹಜಬೀನ


ಆನೆಗೊಂದಿ
೯ ಸೆಪ್ಟೆಂಬರ್ ೨೦೨೪

ಮೆಹಜು,

ಕೌದಿ ಮುಟ್ಟಿತು. ಇದನ್ನು ನೀನೇ ಹೊಲಿದೆಯಾ? ಅಫ್ಸಾನಾ ಕೈಯಲ್ಲಿ ಹೊಲಿಸಿದೆಯಾ? ಕೂತ ಕಡೆ ಬೆಳಕು ಕಡಿಮೆ ಇತ್ತೇನು? ಕನ್ನಡಕ ಬದಲಿಸುವ ಕಾಲ ಬಂದಿರಬಹುದು. ದಾರ ಬೇರೆ ಅಂಗಡಿಯದೇ? ತಪ್ಪು ತಿಳಿಯಬೇಡ, ಸುಮ್ಮನೆ ಕೇಳಿದೆ.

ರಕ್ತದ ಫಲಿತಾಂಶ ಈಗ ಬೇಡ. ಅಫ್ಸಾನಾಳ ಮೊದಲ ವರ್ಷ ಮುಗಿಯಲಿ. ಖಲಂದರರಿಗೆ ಎಲ್ಲಾ ಹೇಳು, ಆಮೇಲೆ ಇಬ್ಬರೂ ಕೂತು ವಿಚಾರ ಮಾಡಿ. ಒಬ್ಬಳೇ ಮಾತ್ರ ಹೋಗಬೇಡ. ನಿನ್ನ ಕಾಲು ಹಿಡಿದು ಕೇಳುತ್ತೇನೆ.

ನಿನ್ನ
ಆಪಾ


ಕುಷ್ಟಗಿ
೧೫ ಸೆಪ್ಟೆಂಬರ್ ೨೦೨೪

ಶಹನಾಜಬೇಗಂ ಅವರಿಗೆ,

ಇನ್ನು ಆಪಾ ಅನ್ನುವುದಿಲ್ಲ. ನಾಲ್ಕು ತಿಂಗಳು ಬೆನ್ನು ಮುರಿದು ಹೊಲಿದ ಕೌದಿಗೆ ಬೆಳಕಿಲ್ಲ, ಕನ್ನಡಕವಿಲ್ಲ, ದಾರ ಸರಿಯಿಲ್ಲ! ಹೋದ ಸಲ ಬಾಯಿ ತಪ್ಪಿ ಹೊಗಳಿಬಿಟ್ಟೆ, ಈ ಸಲ ತಂಗಿಯ ಹೊಲಿಗೆ ನಿನ್ನದಕ್ಕಿಂತ ಮೇಲಾಯಿತೆಂದು ತಡೆದುಕೊಳ್ಳಲಾಗಲಿಲ್ಲ.

ಫಲಿತಾಂಶ ಬೇಡವಂತೆ! ಯಾಕೆ ಬೇಡ ಎಂದು ನನಗೆ ಗೊತ್ತಿಲ್ಲವೇ? ನಾನು ಪಾರಾಗುವುದನ್ನು ನಿನ್ನಿಂದ ನೋಡಲಾಗುವುದಿಲ್ಲ. ಎಲ್ಲಾ ನಿನಗೇ ಬಂತು, ಮುಖ ಬಂತು, ಅಮ್ಮಿ ಬಂದಳು, ಏಳು ಕೌದಿ ಬಂದವು. ನನಗೆ ಬಂದ ಒಂದೇ ಒಂದು ಒಳ್ಳೆಯದು ಈ ಚಪ್ಪಟೆ ಬೆರಳಿನ ರಕ್ತ. ಅದಕ್ಕೂ ನಿನಗೆ ಹೊಟ್ಟೆಕಿಚ್ಚಾಯಿತೇ? ಕೊನೆಯ ಎರಡು ವರ್ಷ ಅಮ್ಮಿ ನಿನ್ನ ಹೆಸರು ಬಿಟ್ಟು ಬೇರೆ ಹೆಸರು ಹೇಳಲಿಲ್ಲ. ಆಗ ನಾನು ಬಾಗಿಲಲ್ಲಿ ನಿಂತು ನುಂಗಿಕೊಂಡೆ. ಈಗ ನೀನು ನುಂಗಿಕೋ.

ಮೆಹಜಬೀನ


ಕುಷ್ಟಗಿ
೨೮ ನವೆಂಬರ್ ೨೦೨೪

ನೀನು ಉತ್ತರ ಬರೆಯಲಿಲ್ಲ, ಒಳ್ಳೆಯದೇ ಆಯಿತು. ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು ಬಂದೆ. ನಿಜವಾಗಿಯೂ ತಿಳಿಯಬೇಕೇ ಎಂದು ಎರಡು ಸಲ ಕೂರಿಸಿ ಕೇಳಿದರು. ಹೂಂ ಅಂದೆ. ಮುಂದಿನ ಸಲ ಬರುವಾಗ ಮನೆಯವರನ್ನು ಯಾರನ್ನಾದರೂ ಕರೆತರಬೇಕಂತೆ. ಯಾರೂ ಇಲ್ಲ ಎಂದೆ. ಜನವರಿಯಲ್ಲಿ ಕರೆಯುತ್ತಾರೆ.

ಮೆ.


ಕುಷ್ಟಗಿ
೩೧ ಜನವರಿ ೨೦೨೫

ಆಪಾ,

ನನ್ನಲ್ಲಿ ಇದೆ.

ಡಾಕ್ಟರ್ ರೇಣುಕಾ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತಾಗಲೇ ತಿಳಿಯಿತು. ಒಳ್ಳೆಯ ಸುದ್ದಿ ಹೇಳುವವರು ಎದುರಿಗೇ ಕೂರುತ್ತಾರೆ. ನಾನು ಜಗಳಕ್ಕೆ ನಿಂತೆ. ತಪ್ಪಾಗಿದೆ, ನನ್ನ ಮೂಗು ನೋಡ್ರಿ, ನನ್ನ ಬೆರಳು ನೋಡ್ರಿ, ನಾನು ಉಮರಸಾಬನ ಮಗಳು, ನಮ್ಮ ಅಕ್ಕನ ರಕ್ತದ ಜೊತೆ ಅದಲುಬದಲಾಗಿರಬೇಕು ಎಂದೆ. ಹೌದು ಆಪಾ, ಅದು ನಿನ್ನದಾಗಿರಲಿ ಎಂದು ಬಾಯಿಬಿಟ್ಟು ಕೇಳಿದೆ. ಅವರು ನನ್ನ ಕೈ ಹಿಡಿದು, "ಇದು ಮಾರಿ ನೋಡಿ ಬರೂದಲ್ರಿ ಮೆಹಜಬೀನವ್ವಾ" ಅಂದರು. ಅವರು ಹಿಡಿದ ಮೇಲೆ ನೋಡಿದೆ, ನನ್ನ ಕಿರುಬೆರಳು ತಾನಾಗಿ ಮಿಡುಕುತ್ತಿತ್ತು. ಯಾವಾಗಿನಿಂದಲೋ ಗೊತ್ತಿಲ್ಲ.

ಬಸ್ಸಿನಲ್ಲಿ ಬರುವಾಗ ನಿನ್ನ ಸೆಪ್ಟೆಂಬರಿನ ಕಾಗದ ನೆನಪಾಯಿತು. ಬೆಳಕು, ಕನ್ನಡಕ, ದಾರ. ಒಬ್ಬಳೇ ಹೋಗಬೇಡ ಎಂದಿದ್ದೆ. ನಿನಗೆ ಗೊತ್ತಿತ್ತು. ಯಂತ್ರದವರು ಹೇಳದ್ದು ನಿನಗೆ ಹೇಗೆ ಗೊತ್ತಾಯಿತು? ಅಫ್ಸಾನಾಗೆ ನಾನು ಏನೆಂದು ಹೇಳಲಿ? ಈ ಎರಡಕ್ಕೂ ಉತ್ತರ ಬರೆ. ಸಮಾಧಾನ ಬರೆಯಬೇಡ.

ಮೆಹಜಬೀನ


ಆನೆಗೊಂದಿ
೧೦ ಫೆಬ್ರವರಿ ೨೦೨೫

ಮೆಹಜು, ನನ್ನ ತಂಗಿ,

ಸಮಾಧಾನ ಬರೆಯುವುದಿಲ್ಲ, ನನ್ನ ಹತ್ತಿರ ಇಲ್ಲ. ನಿಜ ಬರೆಯುತ್ತೇನೆ.

ನಿನ್ನ ಎರಡನೇ ಕೌದಿ ಬಂದ ದಿನ ಅದನ್ನು ಮೊದಲನೆಯದರ ಪಕ್ಕದಲ್ಲಿ ಹಾಸಿದೆ. ಸಾಲುಗಳು ಅಂಚಿನಲ್ಲಿ ನೆಟ್ಟಗಿದ್ದು ನಡುವಿಗೆ ಬರುತ್ತಾ ಅಲೆದಾಡಿದ್ದವು. ಟ್ರಂಕು ತೆಗೆದು ಅಮ್ಮಿಯವನ್ನೂ ಹಾಸಿದೆ. ನಿನ್ನ ಹತ್ತನೇ ಇಯತ್ತೆಯ ವರ್ಷದ್ದು, ಅದರ ಮುಂದಿನದು, ನಿನ್ನ ನಿಕಾಹಿನ ವರ್ಷದ್ದು. ನೀನು ಎಲ್ಲಾ ನೆಟ್ಟಗಿವೆ ಎಂದುಕೊಂಡಿದ್ದೀಯ, ಬಿಡಿಸಿ ನೋಡಿದವಳಲ್ಲ. ಮೂರನೆಯದರಲ್ಲೇ ಅಮ್ಮಿಯ ಸಾಲು ಅಲೆದಾಡಲು ಶುರುವಾಗಿದೆ, ಅವಳ ಕೈಕಾಲು ಕುಣಿಯುವುದಕ್ಕೆ ಎಷ್ಟೋ ಮೊದಲು. ಕೊಡಲಾರೆ ಎಂದದ್ದು ಅದಕ್ಕೇ. ಒಂದೊಂದು ಕೌದಿ ಹಂಚಿಹೋದರೆ ಅಮ್ಮಿಯ ಆ ವರ್ಷಗಳನ್ನು ಓದಲಾಗುವುದಿಲ್ಲ. ನನಗೆ ಯಾವಾಗ ಶುರುವಾಗುತ್ತದೆಂದು ತಿಳಿಯಲು ನಾನು ನನ್ನ ಹೊಲಿಗೆಯನ್ನು ಅವುಗಳ ಪಕ್ಕ ಇಟ್ಟು ನೋಡುತ್ತಿದ್ದೆ. ಅಮ್ಮಿಯ ಮೂರನೆಯದರ ಪಕ್ಕ ನಿನ್ನ ಎರಡನೆಯದನ್ನು ಇಟ್ಟೆ. ಒಂದೇ ಕೈ ಹೊಲಿದ ಹಾಗಿತ್ತು. ನನ್ನ ಕಣ್ಣು ತಪ್ಪಿರಲಿ ಎಂದು ಬೇಡಿಕೊಂಡೇ ನಿನಗೆ ಬೆಳಕು, ದಾರ ಎಂದು ಬರೆದೆ.

ಇನ್ನೊಂದು ನಿಜ. ನನ್ನಲ್ಲಿ ಇಲ್ಲ. ಅಮ್ಮಿಗೆ ಬಂದ ವಯಸ್ಸು ದಾಟಿ ಕಾದೂ ಕಾದೂ ಸಾಕಾಗಿ ಹೋದ ವರ್ಷದ ಫೆಬ್ರವರಿಯಲ್ಲಿ ಕೇಳಿದ್ದೆ. ನಿನಗೆ ಹೇಳಲಿಲ್ಲ. ಶಹನಾಜಳಿಗೆ ಇಲ್ಲವೆಂದರೆ ಮೆಹಜಬೀನಳಿಗೇ ಎಂದು ಫುಪ್ಪು ಸಾರಿಬಿಡುತ್ತಿದ್ದರು, ನೀನೂ ನಂಬುತ್ತಿದ್ದೆ. ಇಲ್ಲವೆಂದು ತಿಳಿದ ದಿನ ನಾನು ನಗಲಿಲ್ಲ. ಇಪ್ಪತ್ತೊಂದು ವರ್ಷ ಕನ್ನಡಿಯನ್ನು ನಂಬಿ ಕೂತೆನಲ್ಲ ಎಂದು ತಲೆ ಚಚ್ಚಿಕೊಂಡೆ. ನೀನು ಮದುವೆಯಾದೆ, ಮಗಳನ್ನು ಹೆತ್ತೆ, ಗಂಡನ ಜೊತೆ ಜಗಳವಾಡಿದೆ, ಬಾಳಿದೆ. ನನಗೂ ನಿನ್ನ ಮೇಲೆ ಹೊಟ್ಟೆಕಿಚ್ಚು, ಮೆಹಜು. ನಿನ್ನದಕ್ಕಿಂತ ಹಳೆಯದು.

ಎಷ್ಟು ಹಳೆಯದೆಂದು ಹೇಳಿಬಿಡುತ್ತೇನೆ. ಟ್ರಂಕಿನ ಕೊನೆಯ ನಾಲ್ಕು ಕೌದಿ ಅಮ್ಮಿಯವಲ್ಲ. ಅವಳು ಕೂತು ನೋಡುತ್ತಿದ್ದಳು, ಹೊಲಿದದ್ದು ನಾನು. ಅಮ್ಮಿ ತನ್ನ ಕೈಯಿಂದ ಹೊಲಿದ ಕಟ್ಟಕಡೆಯ ಕೌದಿ ಅಫ್ಸಾನಾಳದ್ದು. ಆಗ ಅವಳ ಕೈ ಎಲ್ಲಿ ಹೇಳಿದರೆ ಅಲ್ಲಿ ನಿಲ್ಲುತ್ತಿರಲಿಲ್ಲ. ಬೆರಳಿಗೆಲ್ಲ ಸೂಜಿ ಚುಚ್ಚಿಕೊಂಡು ಆರು ತಿಂಗಳು ಹೊಲಿದಳು. ನೋಡಲಾರದೆ ನಾನು ಒಂದು ಸಾಲು ಬಿಚ್ಚಿ ಸರಿಮಾಡಲು ಹೋದೆ. ನನ್ನ ಕೈಮೇಲೆ ಹೊಡೆದಳು. "ಮುಟ್ಟಬ್ಯಾಡ. ಇದು ಮೆಹಜು ಕೂಸಿಗೆ. ನಾನಾ ಹೊಲಿತೀನಿ." ನನಗಾಗಿ ಅವಳು ಹಾಗೆ ಒಂದು ಸಾಲನ್ನೂ ಹೊಲಿಯಲಿಲ್ಲ.

ಅಫ್ಸಾನಾಗೆ ನಿಜವನ್ನೇ ಹೇಳು. ಖಲಂದರರಿಗೆ ಅದಕ್ಕೂ ಮೊದಲು ಹೇಳು.

ಯಾವಾಗ ಕರೆದರೂ ಬರುವ
ಶಹನಾಜ


ಕುಷ್ಟಗಿ
೫ ಮಾರ್ಚ್ ೨೦೨೫

ಆಪಾ, ಸಲಾಂ.

ನಿನ್ನ ಕಾಗದ ಓದಿ ಒಲೆಗೆ ಹಾಕಬೇಕೆಂದು ಎದ್ದೆ. ಹಾಕಲಿಲ್ಲ. ನೀನು ಪಾರಾದದ್ದು ಸಂತೋಷ ಎಂದು ಬರೆಯಲು ಇಷ್ಟು ದಿನ ಹಿಡಿಯಿತು. ಸಂತೋಷ ಸ್ವಲ್ಪ ಇದೆ, ಹೊಟ್ಟೆಕಿಚ್ಚು ಅದಕ್ಕಿಂತ ಹೆಚ್ಚಿದೆ. ನಿನ್ನ ಹತ್ತಿರ ಈಗ ಮುಚ್ಚಿಡುವುದೇನು?

ಖಲಂದರರಿಗೆ ಹೇಳಿದೆ. ದಾಳಿಂಬೆಯ ಲೆಕ್ಕದ ಪುಸ್ತಕ ಮುಚ್ಚಿಟ್ಟರು. ಆಮೇಲೆ, "ತಲಿನೋವು ಅಂತ ಹೇಳಿ ಇಷ್ಟು ವರ್ಷ ಒಬ್ಬಾಕಿನಾ ಹೋಗಿ ಬಂದ್ಯಲ್ಲ. ಇನ್ನ ಮ್ಯಾಲೆ ನಾನೂ ಬರ್ತೀನಿ" ಅಂದರು. ಆಗಸ್ಟಿನಲ್ಲಿ ನಾಲ್ಕನೇ ಚಿತ್ರಕ್ಕೆ ಇಬ್ಬರೂ ಹೋಗುತ್ತೇವೆ. ಸುರಂಗದೊಳಗೆ ಮಲಗುವುದು ನನಗೇನೂ ಕೊಡುವುದಿಲ್ಲ, ಆದರೆ ಅಫ್ಸಾನಾಳ ಕಾಲಕ್ಕೆ ಅವರಿಗೆ ಏನಾದರೂ ತಿಳಿದಿರಬಹುದು.

ಅಫ್ಸಾನಾ ರಜೆಗೆ ಬಂದಿದ್ದಳು. ಅರ್ಧಕ್ಕೆ ಅರ್ಧ ಎಂದು ಹೇಳಿದೆ, ಮುಖಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದೆ. ಪರೀಕ್ಷೆ ಬೇಕೋ ಬೇಡವೋ ಅವಳೇ ಮುಂದೆ ವಿಚಾರ ಮಾಡುತ್ತಾಳೆ. ಮೊದಲು ಅವಳ ಬಾಯಿಂದ ಬಂದ ಮಾತೇನು ಗೊತ್ತೇ? "ಖಾಲಾಗ ಗೊತ್ತೈತೇನು?" ಅಷ್ಟು ಅಳುವಿನ ನಡುವೆಯೂ ಅವಳಿಗೆ ಮೊದಲು ನೆನಪಾದದ್ದು ನೀನೆಂದು ನನಗೆ ಉರಿಯಿತು. ಆಮೇಲೆ ನನ್ನನ್ನು ತಬ್ಬಿಕೊಂಡು ಕೂತಳು, ಊಟದ ಹೊತ್ತಾದರೂ ಬಿಡಲಿಲ್ಲ.

ಅವಳ ಕೌದಿ ತರಿಸಿ ಹಾಸಿದೆ. ಹದಿನೆಂಟು ವರ್ಷ ನಾನು ಅದನ್ನು ಬಂದವರ ಕಣ್ಣಿಗೆ ಬೀಳದ ಹಾಗೆ ಮಡಚಿ ಇಡುತ್ತಿದ್ದೆ. ಇಡೀ ಮಧ್ಯಾಹ್ನ ಬೆರಳಿಟ್ಟು ಒಂದೊಂದು ಸಾಲಿನ ಜೊತೆ ಹೋದೆ. ಎಲ್ಲೆಲ್ಲಿಗೋ ಹೋಗುತ್ತದೆ, ಆದರೆ ನಡುವೆ ಎಲ್ಲೂ ನಿಂತಿಲ್ಲ. ಕೊನೆಯ ಮೂಲೆಯನ್ನು ಒತ್ತಿ ನೋಡಿದೆ. ರೊಟ್ಟಿಯ ಚೂರು ಪುಡಿಯಾಗಿ ಒಳಗೇ ಇದೆ.

ಮೂರನೇ ಕೌದಿ ಶುರುಮಾಡಿದ್ದೇನೆ. ಬದುಕಿರುವಷ್ಟು ವರ್ಷ ವರ್ಷಕ್ಕೊಂದು ಹೊಲಿದು ಕಳಿಸುತ್ತೇನೆ, ನಿನ್ನ ಟ್ರಂಕಿನಲ್ಲಿ ಅಮ್ಮಿಯವುಗಳ ಪಕ್ಕ ಇಡು. ಹಾಸಿ ನೋಡು, ಕಂಡದ್ದನ್ನು ಕಂಡ ಹಾಗೆ ಬರೆ. ಕನ್ನಡಕ, ದಾರ ಎಂದರೆ ಜಗಳವಾಗುತ್ತದೆ.

ಒಂದೇ ತೊಂದರೆ. ಸೂಜಿಯ ಕಣ್ಣಿಗೆ ದಾರ ಸೇರಿಸುವಾಗ ಬೆರಳು ತಪ್ಪುತ್ತದೆ. ಚಿಕ್ಕಂದಿನಲ್ಲಿ ನಿಮ್ಮಿಬ್ಬರಿಗೂ ಪೋಣಿಸಿ ಕೊಟ್ಟವಳು ನಾನು, ಈಗ ನಿನ್ನ ಸರದಿ. ಈದ್ ಮುಗಿದ ಮರುದಿನ ಬಂದುಬಿಡು. ಬೇಕಾದಷ್ಟು ಸೂಜಿಗೆ ಪೋಣಿಸ್ಕೋತ ನನ್ನ ಎದುರಿಗೆ ಕೂತಿರು. ಕೌದಿ ಮಾತ್ರ ಮುಟ್ಟಬ್ಯಾಡ. ನಾನಾ ಹೊಲಿತೀನಿ.

ಸೈದಾನಬಿಯ ಮಗಳು,
ಮೆಹಜಬೀನ